ಮಿನಿಮ್ಯಾಪ್ ಆಫ್ ಮಾಡಿ ಆಡಬಹುದೇ? ಓಪನ್ ವರ್ಲ್ಡ್ ಗೇಮ್‌ಗಳ ದಾರಿ ಮತ್ತು ದೋಷಗಳ ವಿಮರ್ಶೆ

ಇಡೀ ಲೋಕದಲ್ಲಿ ಮನಬಂದತ್ತ ಅಲೆಯಬಹುದಾದ (ಓಪನ್ ವರ್ಲ್ಡ್) ವಿಚರ್ 3 ಗೇಮಿನ ಪರದೆಯಲ್ಲಿ ಬಲಗಡೆ ಮೇಲ್ಮೂಲೆಗೆ ದುಂಡನೆಯ ಪುಟ್ಟ ನಕ್ಷೆಯೊಂದಿದೆ, ಅದೇ ಮಿನಿಮ್ಯಾಪ್. ಅದರೊಳಗೆ ಗುರಿಯವರೆಗಿನ ದಾರಿ ತೋರಿಸುವ ಒಂದು ಚುಕ್ಕಿಗೆರೆ. ನೂರು ಗಂಟೆ ಆಡಿದವರನ್ನು ವೆಲೆನ್ ಪ್ರಾಂತ್ಯದ ಯಾವುದಾದರೂ ಕವಲುದಾರಿ ಹೇಗಿತ್ತು ಎಂದು ಕೇಳಿ ನೋಡಿ. ಬಹಳ ಜನಕ್ಕೆ ನೆನಪಿರುವುದು ಆ ಚುಕ್ಕಿಗೆರೆಯ ತಿರುವೇ ಹೊರತು ದಾರಿಯಲ್ಲ. ಗಾಳಿಗೆ ಬಾಗುವ ಮರ, ಕೆಸರು, ದೂರದ ಹೊಗೆ ಎಲ್ಲವನ್ನೂ ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಬೊಟ್ಟಿನಗಲದ ಒಂದು ವೃತ್ತದ ಮುಂದೆ ಸೋತುಹೋಗುತ್ತದೆ.

ಇದಕ್ಕೆ ಎಲ್ಲೆಡೆ ಸಿಗುವ ಸಲಹೆ ಒಂದೇ: ಮಿನಿಮ್ಯಾಪ್ ಆಫ್ ಮಾಡಿ, ಆಗ ಗೊತ್ತಾಗುತ್ತೆ ಮಜಾ. ಸಲಹೆ ಅರ್ಧ ಮಾತ್ರ ಸರಿ. ನಕ್ಷೆ ತೆಗೆದರೂ ಆಟ ನಡೆಯಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಒಂದು, ದಾರಿಯ ಗುರುತನ್ನು ಆಟದ ಮಾತಿನಲ್ಲೋ ನೆಲದಲ್ಲೋ ಮೊದಲೇ ಇಟ್ಟಿರಬೇಕು. ಎರಡು, ಆ ಗುರುತು ದೂರದಿಂದಲೇ ಕಾಣುವಷ್ಟು, ತಡೆಯಿಲ್ಲದೆ ಕಾಣುವಷ್ಟು, ಯಂತ್ರ ಅದನ್ನು ಚಿತ್ರಿಸಬೇಕು. "ಬೆಟ್ಟದ ಮೇಲಿನ ಮುರಿದ ಗೋಪುರ ನೋಡಿಕೊಂಡು ಹೋಗು" ಎಂದು ಪಾತ್ರ ಹೇಳಿದ ಮೇಲೆ ಆ ಗೋಪುರ ಇನ್ನೂರು ಹೆಜ್ಜೆ ಹತ್ತಿರ ಹೋದಾಗಷ್ಟೇ ಗಕ್ಕನೆ ಮೂಡಿದರೆ ಏನು ಬಂತು? ವಿಮರ್ಶೆಗಳಲ್ಲಿ ದಾರಿ ತೋರಿಸುವ ವ್ಯವಸ್ಥೆ ಒಂದು ಪ್ಯಾರಾ, ತಾಂತ್ರಿಕ ದೋಷ ಇನ್ನೊಂದು ಪ್ಯಾರಾ ಎಂದು ಬೇರೆಬೇರೆ ಬರೆಯುವುದು ರೂಢಿ. ಆಡುವವರ ಕಣ್ಣಿಗೆ ಅವೆರಡೂ ಒಂದೇ ಸಮಸ್ಯೆ.

ಮೊದಲ ಶರತ್ತಿಗೆ ಒಳ್ಳೆಯ ಉದಾಹರಣೆ ಬೆಥೆಸ್ಡಾ ಕಂಪನಿಯ ಎಲ್ಡರ್ ಸ್ಕ್ರೋಲ್ಸ್ ಸರಣಿ. ಮೊರೊವಿಂಡ್‌ನಲ್ಲಿ (2002) ಕ್ವೆಸ್ಟ್ ಮಾರ್ಕರ್, ಅಂದರೆ ಒಪ್ಪಿಸಿದ ಕೆಲಸದ ಜಾಗ ತೋರಿಸುವ ಗುರುತು, ಎಂಬುದೇ ಇರಲಿಲ್ಲ. ಕೆಲಸ ಒಪ್ಪಿಸುವ ಪಾತ್ರವೇ ದಾರಿ ಹೇಳುತ್ತಿತ್ತು, ಅದು ಆಟದೊಳಗಿನ ದಿನಚರಿಯಾದ ಜರ್ನಲ್‌ನಲ್ಲಿ ಉಳಿಯುತ್ತಿತ್ತು. ಕೆಲವು ಸೂಚನೆಗಳು ತಪ್ಪೂ ಆಗಿದ್ದವು. ಆದರೂ ಆಡುವವರು ಬೆಟ್ಟ ನೋಡಿ, ಸೇತುವೆ ನೋಡಿ, ಹೊಳೆಯ ದಂಡೆ ನೋಡಿ ನಡೆಯುತ್ತಿದ್ದರು. ಒಬ್ಲಿವಿಯನ್ (2006) ಬಂದಾಗ ಪರದೆಗೆ ದಿಕ್ಸೂಚಿ ಬಂತು, ಅದರ ಮೇಲೆ ಮಾರ್ಕರ್ ಬಂತು. ಸ್ಕೈರಿಮ್ (2011) ಹೊತ್ತಿಗೆ ಜರ್ನಲ್‌ನಲ್ಲಿ ಉಳಿದದ್ದು "ಇಂಥ ಗುಹೆಯಿಂದ ಇಂಥ ವಸ್ತು ತಾ" ಎಂಬ ಒಂದು ಸಾಲು. ಗುಹೆ ಎಲ್ಲಿದೆ ಎಂದು ಯಾರೂ ಬಾಯಿಬಿಡುವುದಿಲ್ಲ.

ಇದು ಬರೀ ಸೋಮಾರಿತನವಲ್ಲ. ಸ್ಕೈರಿಮ್‌ನಲ್ಲಿ ಅನೇಕ ಕೆಲಸಗಳ ಜಾಗವನ್ನು ಗೇಮ್ ಆ ಕ್ಷಣಕ್ಕೆ ಆರಿಸಿಕೊಳ್ಳುತ್ತದೆ. ನಿಮಗೆ ಸಿಕ್ಕ ಗುಹೆ ಇನ್ನೊಬ್ಬರಿಗೆ ಸಿಗದಿರಬಹುದು. ಮಾತುಗಳನ್ನೋ ಮೊದಲೇ ಕಲಾವಿದರ ದನಿಯಲ್ಲಿ ಧ್ವನಿಮುದ್ರಿಸಿ ಮುಗಿಸಿರುತ್ತಾರೆ. ಯಾವ ಗುಹೆ ಎಂಬುದೇ ಗೊತ್ತಿಲ್ಲದಾಗ "ಸೇತುವೆ ದಾಟಿ ಎಡಕ್ಕೆ" ಎಂದು ಹೇಳಿಸುವುದು ಹೇಗೆ? ಹಾಗಾಗಿ ಅಲ್ಲಿ ಮಾರ್ಕರ್ ಪೂರ್ತಿ ತೆಗೆದರೆ ಆಟ ಕಷ್ಟವಾಗುವುದಲ್ಲ, ನಿಂತೇಹೋಗುತ್ತದೆ. ಸ್ಕೈರಿಮ್‌ಗೆ ಹೊಂದುವ ಮಧ್ಯದ ದಾರಿ ಹೀಗೆ: ಜರ್ನಲ್ ತೆರೆದು ಒಂದೇ ಕ್ವೆಸ್ಟ್ ಸಕ್ರಿಯವಾಗಿರಿಸಿ, ಉಳಿದೆಲ್ಲವನ್ನೂ ಆಯ್ಕೆಯಿಂದ ತೆಗೆಯಿರಿ. ದಿಕ್ಸೂಚಿ ಇರಲಿ. ದಿಕ್ಕು ಒಮ್ಮೆ ತಿಳಿದ ಮೇಲೆ ಆ ಒಂದನ್ನೂ ತೆಗೆದು ರಸ್ತೆ ಹಿಡಿಯಿರಿ. ಬೆಟ್ಟದ ಬುಡದಲ್ಲಿ ಸಿಕ್ಕಿಹಾಕಿಕೊಂಡು, ನೆಟ್ಟಗಿನ ಬಂಡೆಯ ಮೇಲೆ ಕುದುರೆ ಹತ್ತಿಸುವ ಹುಚ್ಚು ಸಾಹಸಕ್ಕೆ ಇಳಿಯುವ ಮೊದಲು ಕ್ಲೇರ್‌ವಾಯನ್ಸ್ ಮಂತ್ರ ಹಾಕಿ ನೋಡಿ. ಅದು ನೆಲದ ಮೇಲೆ ನೀಲಿ ಬೆಳಕಿನಲ್ಲಿ ಹಾದಿ ತೋರಿಸುತ್ತದೆ, ನೇರ ದಿಕ್ಕನ್ನಲ್ಲ.

ಸ್ಕೈರಿಮ್‌ನ ತಾಂತ್ರಿಕ ಚರಿತ್ರೆಯೂ ಇದೇ ಎಳೆಗೆ ಸೇರುತ್ತದೆ. ಪ್ಲೇಸ್ಟೇಷನ್ 3ರಲ್ಲಿ ಸೇವ್ ಫೈಲ್ ದೊಡ್ಡದಾದಂತೆ ಆಟ ತೆವಳತೊಡಗುತ್ತಿತ್ತು. ಈ ಗೇಮಿನ ಎಂಜಿನ್ (ಆಟ ಓಡಿಸುವ ಮೂಲ ತಂತ್ರಾಂಶ) ನೀವು ಸರಿಸಿದ ಬಟ್ಟಲು, ಕೊಂದ ಪ್ರಾಣಿ, ತೆರೆದ ಪೆಟ್ಟಿಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಆ ಕನ್ಸೋಲ್‌ನ ಸ್ಮರಣೆ 256 ಎಂಬಿ ಸಿಸ್ಟಮ್‌ಗೆ, 256 ಎಂಬಿ ಗ್ರಾಫಿಕ್ಸ್‌ಗೆ ಎಂದು ಹೋಳಾಗಿತ್ತು. ಹೆಚ್ಚು ಅಲೆದವರಿಗೆ, ಹೆಚ್ಚು ಜಾಗ ಹುಡುಕಿದವರಿಗೆ ಹೆಚ್ಚು ತೊಂದರೆ. ಮಾರ್ಕರ್ ಹಿಡಿದು ಕಥೆ ಮುಗಿಸಿದವರು ಬಚಾವಾದರು. ಈಗಿನ ಪಿಸಿ ಆವೃತ್ತಿಯಲ್ಲಿ ಆ ಕಾಟವಿಲ್ಲ, ಬೇರೊಂದಿದೆ: ವಸ್ತುಗಳ ಚಲನೆಯ ಲೆಕ್ಕ ಫ್ರೇಮ್ ದರಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ (ಎಫ್‌ಪಿಎಸ್) ಎಂಬುದಕ್ಕೆ, ಗಂಟುಬಿದ್ದಿದೆ. 144 ಹರ್ಟ್ಸ್ ಮಾನಿಟರ್‌ನಲ್ಲಿ ಮಿತಿ ಹಾಕದೆ ಓಡಿಸಿದರೆ ಆರಂಭದ ಬಂಡಿಯೇ ಎಗರಾಡುತ್ತದೆ, ಮನೆಯೊಳಗೆ ಕಾಲಿಟ್ಟರೆ ತಟ್ಟೆ ಲೋಟ ಹಾರುತ್ತವೆ. ಗ್ರಾಫಿಕ್ಸ್ ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈ ಗೇಮಿಗೆ ಮಾತ್ರ 60 ಎಫ್‌ಪಿಎಸ್ ಮಿತಿ ಹಾಕಿದರೆ ಸಾಕು.

ಮತ್ತೆ ವಿಚರ್ 3ಕ್ಕೆ. 2022ರ ಡಿಸೆಂಬರ್‌ನಲ್ಲಿ ಬಂದ 4.0 ಅಪ್‌ಡೇಟ್ ಈ ವಿಷಯದಲ್ಲಿ ಗೇಮಿನ ಸ್ವಭಾವವನ್ನೇ ತಿದ್ದಿತು, ಆದರೆ ಆಯ್ಕೆಗಳು ಮೆನುವಿನೊಳಗೆ ಅಡಗಿರುವುದರಿಂದ ಬಹಳ ಜನ ಗಮನಿಸಿಲ್ಲ. ಮುಖ್ಯವಾದದ್ದು, ಕಾಳಗವಿಲ್ಲದಾಗ ಮತ್ತು ವಿಚರ್ ಸೆನ್ಸ್ (ಸುಳಿವು ಎದ್ದು ಕಾಣಿಸುವ ನಾಯಕನ ಶಕ್ತಿ) ಬಳಸದಿದ್ದಾಗ ಮಿನಿಮ್ಯಾಪನ್ನೂ ಕ್ವೆಸ್ಟ್ ಪಟ್ಟಿಯನ್ನೂ ತಾನಾಗಿ ಮರೆಮಾಡುವ ಆಯ್ಕೆ. ಆ ಸೆನ್ಸ್‌ನ ಗುಂಡಿಯಾದ ಎಡ ಟ್ರಿಗರ್ ಒತ್ತಿದರೆ ನಕ್ಷೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ದಾರಿ ಕೇಳಬೇಕೆನಿಸಿದಾಗ ಕೇಳು, ಉಳಿದಂತೆ ಮುಂದೆ ನೋಡಿ ನಡೆ. ಪೂರ್ತಿ ಆಫ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಇಲ್ಲಿಯೂ ಜರ್ನಲ್ ದಾರಿ ಹೇಳುವುದು ಅಪರೂಪ, ನಕ್ಷೆಯಿಲ್ಲದೆ ಕೆಲವು ಕ್ವೆಸ್ಟ್‌ಗಳು ಮುಗಿಯುವುದೇ ಇಲ್ಲ.

ದೊಡ್ಡ ನಕ್ಷೆಯ ಫಿಲ್ಟರ್ ಕೂಡ ಗಮನಿಸಿ. ಅದೇ ಅಪ್‌ಡೇಟ್ "ಡೀಫಾಲ್ಟ್" ಎಂಬ ಫಿಲ್ಟರ್ ತಂದು ಪ್ರಶ್ನಾರ್ಥಕ ಚಿಹ್ನೆಗಳನ್ನೂ ದೋಣಿ ಗುರುತುಗಳನ್ನೂ ಮರೆಸಿತು. "ಆಲ್" ಹಾಕಿದರೆ ಎಲ್ಲವೂ ಮರಳಿ ಬರುತ್ತವೆ. ಸ್ಕೆಲಿಗ ದ್ವೀಪಗಳಿಗೆ ಹೋದಾಗ ದಯವಿಟ್ಟು "ಆಲ್" ಹಾಕಬೇಡಿ. ಸಮುದ್ರದ ತುಂಬ ಚೆಲ್ಲಿರುವ ಆ ಪ್ರಶ್ನಾರ್ಥಕಗಳಲ್ಲಿ ಬಹುಪಾಲು ಕಳ್ಳಸಾಗಣೆಯವರು ಮುಳುಗಿಸಿಟ್ಟ ಪೀಪಾಯಿಗಳು. ದೋಣಿ ನಡೆಸು, ಮೇಲೆರಗುವ ಸೈರನ್‌ಗಳನ್ನು ಹೊಡೆ, ಮುಳುಗು, ತೆಗೆ, ಮತ್ತೆ ದೋಣಿ. ಇಂಥ ಒಳ್ಳೆಯ ಗೇಮಿನಲ್ಲಿ ಬೇಸರ ಬರಿಸುವ ತಾಕತ್ತಿರುವುದು ಇದೊಂದಕ್ಕೇ. ನಕ್ಷೆಯ ಚಿಹ್ನೆಯನ್ನು ಕೆಲಸದ ಪಟ್ಟಿ ಎಂದು ಓದಿದವರು ಅಲ್ಲೇ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಇನ್ನೊಂದು ಉಪಯುಕ್ತ ಸಂಗತಿ: ರಸ್ತೆಯ ಮೇಲೆ ಕುದುರೆಯ ಓಟದ ಗುಂಡಿ ಹಿಡಿದುಕೊಂಡು ಸ್ಟಿಕ್ ಬಿಟ್ಟರೆ ರೋಚ್ ತಾನೇ ರಸ್ತೆಯ ತಿರುವು ಅನುಸರಿಸುತ್ತದೆ. ಕೈ ಬಿಡುವಾದರೆ ಕಣ್ಣೂ ಬಿಡುವು.

ಆದರೆ ಅದೇ 4.0 ಅಪ್‌ಡೇಟ್ ಪಿಸಿಯಲ್ಲಿ ಡೈರೆಕ್ಟ್‌ಎಕ್ಸ್ 12 (ಗೇಮ್ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ತಂತ್ರಾಂಶದ ಹೊಸ ಆವೃತ್ತಿ) ತಂದು ಮುಗ್ಗರಿಸುವಿಕೆಯನ್ನೂ, ಅಂದರೆ ಚಿತ್ರ ತಡೆದು ತಡೆದು ಸಾಗುವುದನ್ನೂ, ತಂದಿತು. ನೋವಿಗ್ರಾಡ್ ನಗರದೊಳಗೆ ಕುದುರೆ ಓಡಿಸುವಾಗ ಅದು ಎದ್ದು ಕಾಣುತ್ತಿತ್ತು. ನಂತರದ ಪ್ಯಾಚ್‌ಗಳು ಸುಧಾರಿಸಿದವು, ಆದರೂ ಮಧ್ಯಮ ದರ್ಜೆಯ ಯಂತ್ರದಲ್ಲಿ ರೇ ಟ್ರೇಸಿಂಗ್ (ಬೆಳಕಿನ ಜಾಡಿನ ನಿಖರ ಲೆಕ್ಕ) ಬೇಡವೆನ್ನುವವರಿಗೆ ಡೈರೆಕ್ಟ್‌ಎಕ್ಸ್ 11 ಆವೃತ್ತಿಯೇ ಲೇಸು. ಗೇಮ್ ಇನ್‌ಸ್ಟಾಲ್ ಆದ ಫೋಲ್ಡರ್‌ನೊಳಗೆ "ಬಿನ್", ಅದರೊಳಗೆ "ಎಕ್ಸ್64". ಅಲ್ಲಿರುವ ವಿಚರ್ 3 ಫೈಲ್ ಅನ್ನು ನೇರವಾಗಿ ತೆರೆದರೆ 11ರಲ್ಲಿ ಓಡುತ್ತದೆ. ಪಕ್ಕದಲ್ಲಿ "ಡಿಎಕ್ಸ್12" ಬಾಲ ಇರುವ ಫೋಲ್ಡರ್ ಇನ್ನೊಂದು ಆವೃತ್ತಿಯದು.

ರೆಡ್ ಡೆಡ್ ರಿಡೆಂಪ್ಶನ್ 2 (ಕನ್ಸೋಲ್ 2018, ಪಿಸಿ 2019) ಮೆನುವಿಗೆ ಹೋಗುವ ಕಷ್ಟವನ್ನೂ ಕೊಡುವುದಿಲ್ಲ. ಡಿ-ಪ್ಯಾಡ್‌ನ ಕೆಳಗಿನ ಗುಂಡಿ ಒತ್ತಿ ಹಿಡಿದರೆ ದೊಡ್ಡ ರೇಡಾರ್ (ಮಿನಿಮ್ಯಾಪ್‌ಗೆ ಇಲ್ಲಿ ಇದೇ ಹೆಸರು), ಸಾಮಾನ್ಯ ರೇಡಾರ್, ಬರೀ ದಿಕ್ಸೂಚಿ, ಏನೂ ಬೇಡ ಎಂಬ ನಾಲ್ಕು ಆಯ್ಕೆ. ದಿಕ್ಸೂಚಿಯೊಂದಿಗೆ ಆಡುವುದೇ ಈ ಗೇಮಿಗೆ ತಕ್ಕ ರೀತಿ. ಕವಲಿನಲ್ಲಿ ಓದಬಹುದಾದ ಊರ ಫಲಕಗಳಿವೆ, ರೈಲು ಹಳಿ ಇದೆ, ತಂತಿ ಕಂಬಗಳ ಸಾಲಿದೆ, ಹಿಮದ ಬೆಟ್ಟ ಯಾವತ್ತೂ ಉತ್ತರಕ್ಕಿದೆ. ಸಾಕಷ್ಟು ದೂರ ಹೋಗಬೇಕು, ನೋಡುವ ಉಮೇದೂ ಇಲ್ಲ ಎಂದಾಗ ನಕ್ಷೆಯಲ್ಲಿ ಗುರಿ ಇಟ್ಟು, ಕುದುರೆ ಓಡಿಸಿ, ಸಿನೆಮ್ಯಾಟಿಕ್ ಕ್ಯಾಮೆರಾ ಹಾಕಿ. ಕುದುರೆ ತಾನೇ ಹೋಗುತ್ತದೆ. ನಡುವೆ ಯಾರಾದರೂ ಗುಂಡು ಹಾರಿಸಬಹುದು, ಅಷ್ಟೇ.

ಇದರ ದೌರ್ಬಲ್ಯ ಇರುವುದು ಮಿಷನ್‌ಗಳಲ್ಲಿ. ಹೊರಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಗೇಮ್ ಮಿಷನ್ ಶುರುವಾದೊಡನೆ ಹಳದಿ ಗೆರೆ ಬಿಟ್ಟು ನಾಲ್ಕು ಹೆಜ್ಜೆ ಆಚೀಚೆ ಹೋದರೂ ಸೋತಿರಿ ಎನ್ನುತ್ತದೆ. ಪಿಸಿ ಆವೃತ್ತಿ ಬಿಡುಗಡೆಯ ವಾರದಲ್ಲಿ ಹಲವರಿಗೆ ತೆರೆದುಕೊಳ್ಳಲೇ ಇಲ್ಲ. 4 ಕೋರ್‌ಗಳ ಪ್ರೊಸೆಸರ್‌ಗಳಲ್ಲಿ ಪರದೆ ಕೆಲವು ಸೆಕೆಂಡು ಕಲ್ಲಾಗಿ ನಿಲ್ಲುತ್ತಿತ್ತು. ಈಗ ಆ ಕಥೆ ಹಳೆಯದು. ಇವತ್ತಿಗೂ ತೊಂದರೆ ಕಂಡರೆ ಗ್ರಾಫಿಕ್ಸ್ ಆಯ್ಕೆಯ ಅಡ್ವಾನ್ಸ್ಡ್ ಭಾಗದಲ್ಲಿ ವಲ್ಕನ್ (ಡೈರೆಕ್ಟ್‌ಎಕ್ಸ್‌ನಂಥದೇ ಇನ್ನೊಂದು ತಂತ್ರಾಂಶ) ಮತ್ತು ಡೈರೆಕ್ಟ್‌ಎಕ್ಸ್ 12 ಅದಲುಬದಲು ಮಾಡಿ ನೋಡುವುದು ಮೊದಲ ಹೆಜ್ಜೆ.

ಬ್ರೆತ್ ಆಫ್ ದಿ ವೈಲ್ಡ್ (2017) ಈ ಎಲ್ಲಕ್ಕೂ ಗುರುಸ್ಥಾನದಲ್ಲಿದೆ, ಅದೂ ಇಲ್ಲಿ ಹೆಸರಿಸಿದ ಹೊಸ ಗೇಮ್‌ಗಳಲ್ಲೇ ಅತಿ ದುರ್ಬಲ ಯಂತ್ರದ ಮೇಲೆ. ಗೋಪುರ ಹತ್ತಿದರೆ ಆ ಪ್ರದೇಶದ ನಕ್ಷೆ ಸಿಗುತ್ತದೆ, ಆದರೆ ನಕ್ಷೆಯಲ್ಲಿ ಬೆಟ್ಟ, ನದಿ, ಹೆಸರು ಮಾತ್ರ. ಚಿಹ್ನೆಗಳ ರಾಶಿ ಸುರಿಯುವುದಿಲ್ಲ. ಅಲ್ಲಿಂದ ಮುಂದೆ ನಿಮ್ಮ ಕೆಲಸ: ಬಲ ಸ್ಟಿಕ್ ಒತ್ತಿ ದೂರದರ್ಶಕ ತೆಗೆದು, ಕಣ್ಣಿಗೆ ಬಿದ್ದ ಜಾಗಕ್ಕೆ ಪಿನ್ ಚುಚ್ಚುವುದು. ಒಮ್ಮೆಗೆ ಐದೇ ಪಿನ್. ಈ ಐದರ ಮಿತಿ ಜಿಪುಣತನದಂತೆ ಕಂಡರೂ ಅದರಿಂದಲೇ ಆಟ ಉಳಿದಿದೆ. ಮುಂದಿನ ಅರ್ಧ ಗಂಟೆಗೆ ಬೇಕಾದಷ್ಟು ಗುರಿ, ಅದಕ್ಕಿಂತ ಹೆಚ್ಚಿಲ್ಲ. ನೆಲದ ರಚನೆಯಲ್ಲೂ ಲೆಕ್ಕವಿದೆ. 2017ರ ಜಪಾನಿನ ಡೆವಲಪರ್ ಸಮ್ಮೇಳನದಲ್ಲಿ ತಂಡ ವಿವರಿಸಿದಂತೆ, ಬೆಟ್ಟಗಳನ್ನು ತ್ರಿಕೋನಾಕಾರದಲ್ಲಿ ಇಟ್ಟು ಹಿಂದಿನದನ್ನು ಮರೆಮಾಡುತ್ತಾರೆ. ನೀವು ಹತ್ತಿದಿರೋ ಸುತ್ತಿದಿರೋ, ಹೊಸದೊಂದು ನಿಧಾನಕ್ಕೆ ಹೊರಬರುತ್ತದೆ. ಆಯ್ಕೆಗಳಲ್ಲಿ "ಪ್ರೊ" ಹಡ್ (ಪರದೆಯ ಮೇಲಿನ ಮಾಹಿತಿ) ಹಾಕಿದರೆ ಮಿನಿಮ್ಯಾಪ್, ಹವಾಮಾನ, ಉಷ್ಣತೆ ಎಲ್ಲ ಹೋಗಿ ಹೃದಯಗಳು ಮಾತ್ರ ಉಳಿಯುತ್ತವೆ. ಚಳಿಯಾದರೆ ಪಾತ್ರ ನಡುಗುವುದನ್ನು ನೋಡಿಯೇ ತಿಳಿಯಬೇಕು.

ತಾಂತ್ರಿಕವಾಗಿ ಅದು ಮೊದಲ ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲಿ ಟಿವಿಗೆ ಜೋಡಿಸಿದಾಗ 900ಪಿ, ಕೈಯಲ್ಲಿ ಹಿಡಿದಾಗ 720ಪಿ, 30 ಎಫ್‌ಪಿಎಸ್. ಕೊರೊಕ್ ಕಾಡಿನಲ್ಲಿ ಫ್ರೇಮ್ ಬೀಳುವುದು ಜಗಜ್ಜಾಹೀರು. ಆದರೆ ಎಲ್ಲಿ ಉಳಿಸಿದ್ದಾರೆ ನೋಡಿ. ಹತ್ತಿರದ ಹುಲ್ಲು ಸ್ವಲ್ಪ ಮುಂದೆ ಕರಗಿಹೋಗುತ್ತದೆ, ದೂರದ ಗೋಪುರ, ಜ್ವಾಲಾಮುಖಿ, ಶ್ರೈನ್‌ನ (ಒಗಟಿನ ಗುಡಿಯ) ಕಿತ್ತಳೆ ಬೆಳಕು ಮಾತ್ರ ಎಂದೂ ಕರಗುವುದಿಲ್ಲ. ದಾರಿಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದನ್ನು ಕಡಿತ ಮಾಡಿದ್ದಾರೆ. ಪಿಸಿಯಲ್ಲಿ ಸೆಟ್ಟಿಂಗ್ಸ್ ಇಳಿಸುವವರು ಕಲಿಯಬೇಕಾದ ಪಾಠವಿದು, ಅದಕ್ಕೆ ಮುಂದೆ ಬರೋಣ.

ಎಲ್ಡನ್ ರಿಂಗ್ (2022) ಮಿನಿಮ್ಯಾಪ್ ಇಟ್ಟೇ ಇಲ್ಲ. ವಿಶ್ರಮಿಸುವ ಗ್ರೇಸ್ ತಾಣಗಳಿಂದ ಹೊರಡುವ ಚಿನ್ನದ ಗೆರೆ ಮುಖ್ಯ ದಾರಿಯ ದಿಕ್ಕು ತೋರಿಸುತ್ತದೆ, ದೂರ ಹೇಳುವುದಿಲ್ಲ. ಇನ್ನೂ ತೆರೆಯದ ಮಬ್ಬು ನಕ್ಷೆಯಲ್ಲೂ ಪುಟ್ಟದೊಂದು ಕಂಬದ ಚಿಹ್ನೆ ಕಾಣುತ್ತದೆ. ನಕ್ಷೆಯ ತುಣುಕು ಸಿಗುವುದು ಆ ಕಲ್ಲುಕಂಬದ ಬುಡದಲ್ಲೇ. ಇಷ್ಟು ತಿಳಿದರೆ ಅರ್ಧ ಪರದಾಟ ತಪ್ಪುತ್ತದೆ. ಸೋಲುವುದು ಎತ್ತರದ ವಿಷಯದಲ್ಲಿ. ರಾಜಧಾನಿ ಲೆಂಡೆಲ್‌ನಲ್ಲಿ ಬೀದಿ, ಮಾಳಿಗೆ, ಚರಂಡಿ ಒಂದರ ಮೇಲೊಂದಿವೆ, ನಕ್ಷೆ ಚಪ್ಪಟೆ. ನಡೆದುಹೋಗುವ ಪಾತ್ರಗಳ ಜಾಡು ಹಿಡಿಯುವುದೂ ಮೊದಲು ಅಸಾಧ್ಯವಾಗಿತ್ತು. ಬಿಡುಗಡೆಯಾಗಿ ಮೂರು ವಾರದೊಳಗೆ 1.03 ಪ್ಯಾಚ್ ಭೇಟಿಯಾದ ಪಾತ್ರಗಳ ಗುರುತನ್ನು ನಕ್ಷೆಗೆ ಸೇರಿಸಿತು. ದಾರಿತೋರಿಕೆ ಕಡಿಮೆಯಿದ್ದಷ್ಟೂ ಉತ್ತಮ ಎಂದು ವಾದಿಸುವವರು ಇದನ್ನು ನೆನಪಿಡಬೇಕು. ಪಿಎಸ್5ರಲ್ಲಿ ಫ್ರೇಮ್ ಏರಿಳಿತ ಸಹಿಸಲಾಗದವರು ಪಿಎಸ್4 ಆವೃತ್ತಿಯನ್ನೇ ಪಿಎಸ್5ರಲ್ಲಿ ಹಾಕಿಕೊಳ್ಳಬಹುದು. ಚಿತ್ರ ತುಸು ಸಪ್ಪೆ, 60 ಎಫ್‌ಪಿಎಸ್ ಹೆಚ್ಚುಕಡಿಮೆ ಗಟ್ಟಿ.

ಉಳಿದವು ಚುಟುಕಾಗಿ. ಗೋಸ್ಟ್ ಆಫ್ ತ್ಸುಶಿಮಾ (2020) ಗಾಳಿಯನ್ನೇ ದಿಕ್ಸೂಚಿ ಮಾಡಿಕೊಂಡಿದೆ. ಟಚ್‌ಪ್ಯಾಡ್ ಮೇಲಕ್ಕೆ ಸವರಿದರೆ ಹುಲ್ಲು, ಎಲೆ ಗುರಿಯತ್ತ ಬೀಸುತ್ತವೆ. ಸುಂದರ, ಆದರೆ ಗಾಳಿ ತೋರಿಸುವುದು ದಿಕ್ಕನ್ನು, ದಾರಿಯನ್ನಲ್ಲ. ಬಂಡೆ ಅಡ್ಡ ಬಂದರೆ ಸುತ್ತಿಕೊಂಡು ಹೋಗಬೇಕಾದವರು ನೀವು. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ (2018) ಆರಂಭದಲ್ಲೇ "ಎಕ್ಸ್‌ಪ್ಲೊರೇಶನ್" ಎಂಬ ಆಯ್ಕೆ ಕೊಡುತ್ತದೆ. "ಇಂಥ ಪ್ರಾಂತ್ಯದಲ್ಲಿ, ಇಂಥ ಊರಿನ ದಕ್ಷಿಣಕ್ಕೆ" ಎಂಬ ಸುಳಿವು ಹಿಡಿದು ಹದ್ದು ಹಾರಿಸಿ ಹುಡುಕಬೇಕು. ಅದನ್ನೇ ಆರಿಸಿ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್‌ನ (2018) ಹಾರ್ಡ್‌ಕೋರ್ ಮೋಡ್ ನಕ್ಷೆಯಲ್ಲಿ ನೀವಿರುವ ಜಾಗವನ್ನೂ ತೋರಿಸುವುದಿಲ್ಲ. ಸೂರ್ಯ ನೋಡಿ ದಿಕ್ಕು ಹಿಡಿಯಬೇಕು, ಮೊದಲ ಬಾರಿಗೆ ಆಡುವವರಿಗಲ್ಲ. ಡ್ರಾಗನ್ಸ್ ಡಾಗ್ಮಾ 2ರಲ್ಲಿ (2024) ಜೊತೆಗಾರ ಪಾನ್‌ಗಳಲ್ಲಿ ಒಬ್ಬರು ಆ ಕ್ವೆಸ್ಟ್ ಮುಗಿಸಿದವರಾಗಿದ್ದರೆ "ದಾರಿ ಗೊತ್ತು" ಎನ್ನುತ್ತಾರೆ. ಮುಂದೆ ಹೋಗು ಎಂಬ ಆಜ್ಞೆ ಕೊಟ್ಟರೆ ನಡೆಸಿಕೊಂಡು ಹೋಗುತ್ತಾರೆ. ಅಪ್ಪಟ ಉಪಾಯ. ಹಾಗೆ ಅವರ ಬೆನ್ನುಹತ್ತಿ ನಗರದೊಳಗೆ ಕಾಲಿಟ್ಟರೆ ಫ್ರೇಮ್ ದರ ನೆಲಕಚ್ಚುತ್ತದೆ.

ಸ್ಟಾರ್‌ಫೀಲ್ಡ್ (2023) ಇನ್ನೊಂದು ತುದಿ. ನಗರಗಳಿಗೆ ನಕ್ಷೆಯೇ ಇಲ್ಲದೆ ಬಿಡುಗಡೆಯಾಗಿ, 2024ರ ಮೇ ಅಪ್‌ಡೇಟ್‌ವರೆಗೆ ಅಂಗಡಿ ಹುಡುಕಿಕೊಂಡು ಅಲೆಯುವುದೇ ಆಟವಾಗಿತ್ತು. ಅದು ಅನ್ವೇಷಣೆಯಲ್ಲ, ಬರೀ ಕೊರತೆ. ಸೈಬರ್‌ಪಂಕ್ 2077 (2020) ವೇಗದ ಪಾಠ ಕಲಿಸಿತು. ಕಾರಿನ ವೇಗಕ್ಕೆ ತಕ್ಕಷ್ಟು ಮಿನಿಮ್ಯಾಪ್ ಹಿಗ್ಗದೆ, ತಿರುವು ಕಾಣುವ ಹೊತ್ತಿಗೆ ತಿರುವು ದಾಟಿರುತ್ತಿತ್ತು. 1.3 ಪ್ಯಾಚ್ ಅದನ್ನು ತಿದ್ದಿತು. ಹಾರ್ಡ್‌ಡಿಸ್ಕ್‌ನ ಹಳೆಯ ಕನ್ಸೋಲ್‌ಗಳಲ್ಲಿ ಬೀದಿಯೇ ಕಾರಿಗಿಂತ ತಡವಾಗಿ ಬರುತ್ತಿತ್ತು. ಸೋನಿ ತನ್ನ ಡಿಜಿಟಲ್ ಅಂಗಡಿಯಿಂದ ಅದನ್ನು ತೆಗೆದುಹಾಕಿ 2021ರ ಜೂನ್‌ವರೆಗೂ ಮರಳಿ ಸೇರಿಸಲಿಲ್ಲ. 2.0 ಆವೃತ್ತಿಯಿಂದ ಪಿಸಿಗೆ ಎಸ್‌ಎಸ್‌ಡಿ ಕಡ್ಡಾಯ ಅಗತ್ಯಗಳ ಪಟ್ಟಿಯಲ್ಲೇ ಇದೆ.

ಮುಗ್ಗರಿಸುವಿಕೆಯ ಜಾತಿ ಪತ್ತೆ

60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್. 30ಕ್ಕೆ 33.3. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಆರು ಫ್ರೇಮಿನ ಹೊತ್ತು ಚಿತ್ರ ನಿಂತಂತೆ. ಸರಾಸರಿ ಎಫ್‌ಪಿಎಸ್ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ರಿವಾಟ್ಯೂನರ್‌ನಂಥ ಸಾಧನದಲ್ಲಿ ಫ್ರೇಮ್‌ಟೈಮ್ ಗ್ರಾಫ್ ಹಾಕಿ ನೋಡಬೇಕು. ಗೆರೆ ಚಪ್ಪಟೆಯಾಗಿದ್ದರೆ 40 ಎಫ್‌ಪಿಎಸ್ ಕೂಡ ಹಿತ, ಮುಳ್ಳುಮುಳ್ಳಾಗಿದ್ದರೆ 90 ಕೂಡ ತಲೆನೋವು. 120 ಹರ್ಟ್ಸ್ ಪರದೆ ಇರುವವರಿಗೆ 40ರ ಮಿತಿ ಚೆನ್ನಾಗಿ ಕೂರುತ್ತದೆ, ಪ್ರತಿ ಫ್ರೇಮೂ ಸರಿಯಾಗಿ ಮೂರು ಆವರ್ತ ನಿಲ್ಲುತ್ತದೆ.

ಕಾರಣ ಹಿಡಿಯಲು ಒಂದೇ ದಾರಿಯಲ್ಲಿ ಎರಡು ಸಲ ಓಡಿ. ಮೊದಲ ಸಲ ಮುಗ್ಗರಿಸಿ ಎರಡನೆಯ ಸಲ ಸರಾಗವಾದರೆ ಅದು ಶೇಡರ್ ಕಂಪೈಲೇಶನ್: ಹೊಸ ಬೆಳಕು, ಹೊಸ ಸ್ಫೋಟ ಮೊದಲ ಸಲ ಕಂಡಾಗ ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಕೋಡ್ ಆಗಲೇ ತಯಾರಾಗುತ್ತದೆ. ಡ್ರೈವರ್ ಬದಲಿಸಿದ ಮೇಲೆ ಮತ್ತೊಮ್ಮೆ ಆಗುವುದು ಸಹಜ. ಡ್ರೈವರ್‌ನಲ್ಲಿ ಶೇಡರ್ ಕ್ಯಾಶ್ ಗಾತ್ರ 10 ಜಿಬಿಗೆ ಏರಿಸಿ. ಶೇಡರ್ ತಯಾರಾಗುತ್ತಿದೆ ಎಂದು ಆರಂಭದಲ್ಲೇ ಗೇಮ್ ಹೇಳಿದರೆ ಅವಸರ ಮಾಡದೆ ಮುಗಿಯಲು ಬಿಡಿ. ಎರಡೂ ಸಲ ಅದೇ ಸೇತುವೆ, ಅದೇ ಊರಬಾಗಿಲಲ್ಲಿ ಮುಗ್ಗರಿಸಿದರೆ ಅದು ಪ್ರದೇಶ ಲೋಡ್ ಆಗುವ ತಡೆ. ಎಸ್‌ಎಸ್‌ಡಿಗೆ ಸಾಗಿಸಿದರೆ ಕಡಿಮೆಯಾದೀತು, ಎಂಜಿನ್‌ನದೇ ದೋಷವಾದರೆ ಪ್ಯಾಚ್‌ಗೆ ಕಾಯಬೇಕು. ಜನಸಂದಣಿಯಲ್ಲಿ ಮಾತ್ರ ಬಿದ್ದು, ರೆಸಲ್ಯೂಶನ್ ಅರ್ಧಕ್ಕಿಳಿಸಿದರೂ ಏರದಿದ್ದರೆ ಪ್ರೊಸೆಸರ್ ಬಳಲಿದೆ ಎಂದರ್ಥ. ಡ್ರಾಗನ್ಸ್ ಡಾಗ್ಮಾ 2ರ ನಗರ ಈ ಜಾತಿಯದು. ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು ದಂಡ. ಇನ್ನು ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕೆಟ್ಟರೆ ಗ್ರಾಫಿಕ್ಸ್ ಮೆಮೊರಿ ತುಂಬಿರಬಹುದು. 8 ಜಿಬಿ ಕಾರ್ಡ್‌ನಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ, ಗೇಮ್ ಮುಚ್ಚಿ ತೆರೆಯಿರಿ.

ಸೆಟ್ಟಿಂಗ್ಸ್ ಇಳಿಸುವ ಕ್ರಮ ದಾರಿ ಕಾಣುವುದರ ಮೇಲೆ ನೇರ ಪರಿಣಾಮ ಬೀರುತ್ತದೆ. ಮೊದಲು ಇಳಿಸಬೇಕಾದದ್ದು ರೇ ಟ್ರೇಸಿಂಗ್, ನೆರಳು, ಮೋಡ ಮಂಜಿನ ಗುಣಮಟ್ಟ, ನೀರಿನ ಪ್ರತಿಬಿಂಬ, ಆಮೇಲೆ ಹುಲ್ಲಿನ ಸಾಂದ್ರತೆ. ಡ್ರಾ ಡಿಸ್ಟೆನ್ಸ್ (ಎಷ್ಟು ದೂರದವರೆಗೆ ಚಿತ್ರಿಸಬೇಕೆಂಬ ಅಳತೆ) ಅಥವಾ ವಸ್ತುಗಳ ವಿವರ ಎಂಬುದನ್ನು ಕಟ್ಟಕಡೆಗೆ ಮುಟ್ಟಿ. ತಯಾರಾಗಿ ಬರುವ "ಲೋ" ಪ್ರೀಸೆಟ್ ಎಲ್ಲವನ್ನೂ ಒಟ್ಟಿಗೆ ಕೆಡವುತ್ತದೆ, ದೂರದ ಕಂಬ, ಹೊಗೆ, ದೀಪ ಮಾಯವಾಗಿ ನೀವು ಮತ್ತೆ ಮಿನಿಮ್ಯಾಪ್‌ಗೇ ಮೊರೆಹೋಗುತ್ತೀರಿ. ಚಿಕ್ಕ ಚಿತ್ರ ತಯಾರಿಸಿ ಹಿಗ್ಗಿಸುವ ಅಪ್‌ಸ್ಕೇಲಿಂಗ್‌ನಲ್ಲೂ ಎಚ್ಚರ ಬೇಕು. 1080ಪಿ ಪರದೆಯಲ್ಲಿ "ಪರ್ಫಾರ್ಮೆನ್ಸ್" ಮಟ್ಟ ಹಾಕಿದರೆ ಒಳಗೆ ಚಿತ್ರ ತಯಾರಾಗುವುದು 540ಪಿಯಲ್ಲಿ. ತೆಳ್ಳಗಿನ ತಂತಿ ಕಂಬ, ದೂರದ ಫಲಕ ಕಲೆಸಿಹೋಗುತ್ತವೆ. "ಕ್ವಾಲಿಟಿ"ಗಿಂತ ಕೆಳಗಿಳಿಯಬೇಡಿ.

ಮಾರ್ಕರ್ ತಪ್ಪು ಜಾಗ ತೋರಿಸುವ ಬಗ್ ಬೇರೆಯೇ ಕಥೆ. ಎದುರಿಗೆ ಬರಬೇಕಾದ ಪಾತ್ರ ನೆಲದೊಳಗೆ ಸಿಕ್ಕಿಕೊಂಡಿದ್ದರೆ ಮಾರ್ಕರ್ ನೆಲವನ್ನೇ ತೋರಿಸುತ್ತದೆ. ಕ್ರಮವಾಗಿ: ದೂರ ಹೋಗಿ ಆಟದೊಳಗಿನ ಒಂದೆರಡು ದಿನ ಕಳೆದು ಬನ್ನಿ, ಆಗದಿದ್ದರೆ ಗೇಮ್ ಪೂರ್ತಿ ಮುಚ್ಚಿ ತೆರೆಯಿರಿ, ಆಗಲೂ ಆಗದಿದ್ದರೆ ಕ್ವೆಸ್ಟ್ ಶುರುವಾಗುವ ಮುಂಚಿನ ಸೇವ್‌ಗೆ ಮರಳಿ. ಮೂರನೆಯದು ಸಾಧ್ಯವಾಗಲು ಆಟೊಸೇವ್ ನಂಬಿ ಕೂರದೆ ಕೈಯಾರೆ ಮೂರ್ನಾಲ್ಕು ಸ್ಲಾಟ್‌ಗಳಲ್ಲಿ ಸೇವ್ ಮಾಡುತ್ತಿರಬೇಕು. ಪಿಸಿಯಲ್ಲಿ ಸ್ಟೀಮ್‌ನ ಫೈಲ್ ಪರಿಶೀಲನೆ ಕೆಟ್ಟ ಇನ್‌ಸ್ಟಾಲ್ ಸರಿಮಾಡುತ್ತದೆ, ಕೆಟ್ಟ ಸೇವ್ ಅನ್ನಲ್ಲ.

ಮಾರ್ಕರ್ ಹಂಗಿಲ್ಲದ ಆಟ ಹುಡುಕುತ್ತಿದ್ದರೆ ಮೊದಲು ಬ್ರೆತ್ ಆಫ್ ದಿ ವೈಲ್ಡ್, ಆಮೇಲೆ ದಿಕ್ಸೂಚಿ ಮಾತ್ರ ಇಟ್ಟ ರೆಡ್ ಡೆಡ್ 2. ಎಲ್ಡನ್ ರಿಂಗ್‌ಗೆ ಪಕ್ಕದಲ್ಲೊಂದು ಟಿಪ್ಪಣಿ ಪುಸ್ತಕ ಬೇಕು, ಪಾತ್ರಗಳು ಏನು ಹೇಳಿದವು ಎಂದು ಗೇಮ್ ಬರೆದಿಡುವುದಿಲ್ಲ. ವಿಚರ್ 3 ಕೊಳ್ಳುವವರು ಮಿನಿಮ್ಯಾಪ್ ಮರೆಸುವ ಆ ಆಯ್ಕೆಯನ್ನು ಮೊದಲ ಪ್ರದೇಶವಾದ ವೈಟ್ ಆರ್ಚರ್ಡ್ ದಾಟುವ ಮೊದಲೇ ಹಾಕಿಕೊಳ್ಳಿ. ಚುಕ್ಕಿಗೆರೆಗೆ ಕಣ್ಣು ಒಗ್ಗಿದ ಮೇಲೆ ಬಿಡಿಸುವುದು ಕಷ್ಟ. ದಿಕ್ಕು ತಪ್ಪಿದರೆ ಗಾಬರಿಯಾಗುವವರು, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬಿಡುವಿಲ್ಲದವರು ಮಾರ್ಕರ್ ಇಟ್ಟುಕೊಂಡೇ ಆಡಲಿ, ಅದರಲ್ಲಿ ನಾಚಿಕೆಯೇನಿಲ್ಲ. ಸ್ಕೆಲಿಗದ ಪೀಪಾಯಿಗಳನ್ನು ಮಾತ್ರ ಯಾರೂ ಎತ್ತುವುದು ಬೇಡ.